ತಾಲೂಕಿನ ಕಚೇರಿ, ತಾಲೂಕಿನ ಸಭೆ: ಗೋಕಾಕ, ಮೂಡಲಗಿ, ಹುಕ್ಕೇರಿಯ ಆಡಳಿತ ಕುರಿತು



ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ಜನಪದ ಎಂಬ ರೂಢಿ ನಮ್ಮಲ್ಲಿದೆ. ಕುಲಗೋಡ ತಮ್ಮಣ್ಣನ ಪಾರಿಜಾತ ಹುಟ್ಟಿದ ಈ ಭಾಗದಲ್ಲಿ ಅದು ಸಹಜವೂ ಹೌದು. ಆದರೆ ನಮ್ಮ ದಿನಗಳನ್ನು ಕಾವ್ಯಕ್ಕಿಂತ ಹೆಚ್ಚಾಗಿ ಆಳುವುದು ತಾಲೂಕು ಕಚೇರಿ. ಅದರ ಬಗ್ಗೆ ನಾವು ಕಟ್ಟೆಯ ಮೇಲೆ ಕುಳಿತು ಬೈಯುವುದುಂಟು. ಸಭೆಯಲ್ಲಿ ಕುಳಿತು ಯೋಚಿಸುವುದು ಕಡಿಮೆ. ಇವತ್ತು ಆ ಕೆಲಸ ಮಾಡೋಣ.

ಮೂಡಲಗಿಯ ಒಂದು ಒಕ್ಕಲು ಮನೆಯನ್ನು ತೆಗೆದುಕೊಳ್ಳಿ. ಹೊಲದ ಉತಾರ, ಅಂದರೆ ಪಹಣಿ, ಮೂಡಲಗಿ ತಹಶೀಲ್ದಾರರ ಕಡೆ. ವಿಧಾನಸಭೆಗೆ ಮತ ಅರಭಾವಿ ಕ್ಷೇತ್ರದಲ್ಲಿ, ಲೋಕಸಭೆಗೆ ಬೆಳಗಾವಿ ಕ್ಷೇತ್ರದಲ್ಲಿ. ಮಗಳು ಎಸ್ಸೆಸ್ಸೆಲ್ಸಿ ಪಾಸಾದರೆ ಆ ಫಲಿತಾಂಶ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಲೆಕ್ಕಕ್ಕೆ. ಕಾಲುವೆಯ ನೀರು ಬರುವುದು ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ. ಅದನ್ನು ಬಿಡುವುದು, ನಿಲ್ಲಿಸುವುದು ನೀರಾವರಿ ನಿಗಮದ ಕೈಯಲ್ಲಿ. ಕರೆಂಟು ಸರ್ಕಾರಿ ವಿದ್ಯುತ್ ಕಂಪನಿ ಹೆಸ್ಕಾಂನದು. ಕುಡಿಯುವ ನೀರು ಪಟ್ಟಣವಾದರೆ ಪುರಸಭೆಯದು, ಹಳ್ಳಿಯಾದರೆ ಗ್ರಾಮ ಪಂಚಾಯತಿಯದು. ಹುಕ್ಕೇರಿಗೆ ಹೋದರೆ ಲೋಕಸಭಾ ಕ್ಷೇತ್ರ ಚಿಕ್ಕೋಡಿ ಆಗುತ್ತದೆ, ತಾಲೂಕಿನ ಒಂದು ಭಾಗ ಯಮಕನಮರಡಿ ಕ್ಷೇತ್ರಕ್ಕೆ ಹೋಗುತ್ತದೆ, ಕರೆಂಟು ಹೆಸ್ಕಾಂ ಬಿಟ್ಟು ಒಂದು ಸಹಕಾರಿ ಸಂಘದ್ದಾಗುತ್ತದೆ. ಇಷ್ಟೆಲ್ಲ ಗೆರೆಗಳು ಒಂದೇ ಮನೆಯ ಮೇಲೆ ಹಾಯ್ದು ಹೋಗಿವೆ. ಹೀಗಿರುವಾಗ ಸಾಮಾನ್ಯ ಮನುಷ್ಯನಿಗೆ ಗೊತ್ತಿರುವುದು ಒಂದೇ ಬಾಗಿಲು, ತಹಶೀಲ್ದಾರ ಕಚೇರಿ. ನಮ್ಮ ಅಜ್ಜಂದಿರ ಬಾಯಲ್ಲಿ ಅದು ಮಾಮಲೇದಾರ ಕಚೇರಿ. ನೀರು ಬರದಿದ್ದರೂ ಅಲ್ಲಿಗೆ, ಪಗಾರ ಬರದಿದ್ದರೂ ಅಲ್ಲಿಗೆ, ಅಣ್ಣತಮ್ಮಂದಿರು ಜಗಳಾಡಿದರೂ ಅಲ್ಲಿಗೆ.

ಆ ಬಾಗಿಲು ಎಷ್ಟು ದೂರದಲ್ಲಿದೆ ಎಂಬುದು ಈ ಭಾಗದ ಹಳೆಯ ಪ್ರಶ್ನೆ. ಬೆಳಗಾವಿ ಜಿಲ್ಲೆಯಾದದ್ದು 1836ರಲ್ಲಿ. ಮುಂಬಯಿ ಪ್ರಾಂತದ ಆ ಜಿಲ್ಲೆಯಲ್ಲಿ ಗೋಕಾಕ ಹಳೆಯ ತಾಲೂಕು. ಹುಕ್ಕೇರಿಗೆ ಆ ಮಾನ ಇರಲಿಲ್ಲ. ಅದು ಚಿಕ್ಕೋಡಿ ತಾಲೂಕಿನ ಒಂದು ಪೇಟಾ, ಅಂದರೆ ಉಪವಿಭಾಗ, ಆಗಿತ್ತು. ನೂರು ವರ್ಷದ ಹಿಂದೆ ಚಿಕ್ಕೋಡಿಯ ಎದುರು ಹುಕ್ಕೇರಿ ಎಲ್ಲಿ ನಿಂತಿತ್ತೋ, ಈಚಿನವರೆಗೆ ಗೋಕಾಕದ ಎದುರು ಮೂಡಲಗಿ ಅಲ್ಲಿಯೇ ನಿಂತಿತ್ತು. ಯಾದವಾಡದ ಕಡೆಯ ರೈತ ಒಂದು ಸಹಿಗಾಗಿ ಗೋಕಾಕದ ಬಸ್ಸು ಹಿಡಿಯಬೇಕಿತ್ತು. ಸಾಹೇಬರು ಮೀಟಿಂಗಿಗೆ ಬೆಳಗಾವಿಗೆ ಹೋಗಿದ್ದರೆ ಆ ದಿನದ ಕೂಲಿಯೂ ಹೋಯಿತು, ಬಸ್ಸಿನ ರೊಕ್ಕವೂ ಹೋಯಿತು.

ತಾಲೂಕುಗಳನ್ನು ಹೊಸದಾಗಿ ವಿಂಗಡಿಸಲು ಸರ್ಕಾರ ನೇಮಿಸಿದ ಸಮಿತಿಗಳಿಗೆ ಬರವಿರಲಿಲ್ಲ: ವಾಸುದೇವರಾವ್, ಹುಂಡೇಕರ, ಗದ್ದಿಗೌಡರ, ಎಂ.ಬಿ. ಪ್ರಕಾಶ್. ವರದಿಗಳು ಬಂದವು, ಕಪಾಟು ಸೇರಿದವು. 2013ರ ಬಜೆಟ್‌ನಲ್ಲಿ 43 ಹೊಸ ತಾಲೂಕುಗಳ ಘೋಷಣೆಯಾಯಿತು, 2017ರ ಬಜೆಟ್‌ನಲ್ಲಿ 49ರ ಘೋಷಣೆಯಾಯಿತು. ಪಟ್ಟಿಯಿಂದ ಮೂಡಲಗಿ ಹೊರಗುಳಿದಾಗ ಈ ಊರು ಬೀದಿಗಿಳಿಯಿತು. ಅಂಗಡಿ ಮುಚ್ಚಿದವರು, ರಸ್ತೆಯಲ್ಲಿ ಕುಳಿತವರು ಈ ಸಭೆಯಲ್ಲಿಯೂ ಇದ್ದೀರಿ. ಹೋರಾಟ ಫಲಿಸಿತು, 2018ರಲ್ಲಿ ಮೂಡಲಗಿ ತಾಲೂಕಾಯಿತು. ಕಚೇರಿ ಹತ್ತಿರ ಬರುವುದಕ್ಕಾಗಿ ಜನ ಇಷ್ಟು ಕಾಯ್ದರಲ್ಲ, ಆ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಜಿಲ್ಲೆಯ ವಿಷಯವನ್ನು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇನೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಗೋಕಾಕ ಮತ್ತು ಚಿಕ್ಕೋಡಿಯನ್ನು ಜಿಲ್ಲೆಗಳೆಂದು ಘೋಷಿಸಿ, ಗಡಿವಿವಾದದ ಹೊತ್ತಿನಲ್ಲಿ ಬೆಳಗಾವಿಯನ್ನು ಒಡೆಯಬಾರದೆಂಬ ವಿರೋಧ ಬಂದಾಗ ಹಿಂದೆ ಸರಿಯಿತು. ಹೊಸ ಜಿಲ್ಲೆಯ ಕೂಗು ಇನ್ನೂ ಇದೆ. ಅದರ ಪರವಾಗಿಯೂ ವಿರುದ್ಧವಾಗಿಯೂ ಹೇಳುವವರು ಬೇಕಾದಷ್ಟಿದ್ದಾರೆ. ನನ್ನ ಮಾತು ತಾಲೂಕಿನದು.

ತಾಲೂಕು ಕಚೇರಿ ನಮಗೆ ಕೊಡುವುದೇನು? ಜಾತಿ-ಆದಾಯ ಪ್ರಮಾಣಪತ್ರ, ವೃದ್ಧರ, ವಿಧವೆಯರ, ಅಂಗವಿಕಲರ ಮಾಸಾಶನ, ಪಡಿತರ ಚೀಟಿ, ಮತದಾರರ ಪಟ್ಟಿ, ಬರ-ನೆರೆಯ ಪರಿಹಾರ ಹೀಗೆ ಉದ್ದನೆಯ ಸಾಲು. ಅದನ್ನು ಗೋಡೆಯ ಫಲಕದಲ್ಲಿ ಓದಬಹುದು. ನಾನು ಒಂದೇ ಕೆಲಸವನ್ನು ಹಿಡಿದು ನಿಲ್ಲುತ್ತೇನೆ, ಯಾಕೆಂದರೆ ಈ ಮೂರೂ ತಾಲೂಕಿನ ಸಂಕಟ ಅದರಲ್ಲಿದೆ: ವಾರಸಾ. ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವುದು; ಸರ್ಕಾರದ ಕಾಗದದಲ್ಲಿ ಅದು ಪೌತಿ ಖಾತೆ.

ಅಜ್ಜ ತೀರಿಕೊಂಡು ಮೂವತ್ತು ವರ್ಷವಾಗಿರುತ್ತದೆ, ಉತಾರದ 9ನೆಯ ಕಾಲಂನಲ್ಲಿ ಅಜ್ಜನ ಹೆಸರೇ ಇರುತ್ತದೆ. ಉಳುವವರು ಮೊಮ್ಮಕ್ಕಳು. ಅವರಿಗೆ ಬೆಳೆಸಾಲ ಸಿಗುವುದಿಲ್ಲ. ಬೆಳೆ ಮುಳುಗಿದರೆ ಪರಿಹಾರದ ಹಣ ಜಮೆಯಾಗುವುದಿಲ್ಲ, ಯಾಕೆಂದರೆ ಸತ್ತವನ ಹೆಸರಿಗೆ ಆಧಾರ್ ಜೋಡಿಸಲು ಬರುವುದಿಲ್ಲ. 11ನೆಯ ಕಾಲಂನಲ್ಲಿ ಎಂದೋ ತೀರಿಸಿದ ಸೊಸೈಟಿ ಸಾಲದ ಬೋಜಾ ಹಾಗೆಯೇ ಕುಳಿತಿರುತ್ತದೆ. ಇದನ್ನು ಸರಿಪಡಿಸಲು ಮೊದಲು ಮರಣದ ದಾಖಲೆ ಬೇಕು. ಸಾವು ನಡೆದ 21 ದಿನದೊಳಗೆ ಬರೆಸಿದ್ದರೆ ಸುಲಭ. ಅಜ್ಜನ ಕಾಲದಲ್ಲಿ ಬರೆಸಿದವರು ಎಷ್ಟು ಮಂದಿ? ಆಮೇಲೆ ನಾಡಕಚೇರಿಯಿಂದ ವಂಶವೃಕ್ಷ. ಅದಕ್ಕೆ ತಲಾಠಿಯವರ ಪಂಚನಾಮೆ, ಕಂದಾಯ ನಿರೀಕ್ಷಕರ ವರದಿ. ಆಮೇಲೆ ಅರ್ಜಿ, ಚಾವಡಿಯಲ್ಲಿ ನೋಟಿಸು, ತಕರಾರಿಲ್ಲದಿದ್ದರೆ ಎಂ.ಆರ್. (ಮ್ಯುಟೇಶನ್) ನಂಬರು, ಆಮೇಲೆ ಉತಾರದಲ್ಲಿ ಹೆಸರು. ವಾಟ್ನಿ, ಅಂದರೆ ಪಾಲು, ಆಗಬೇಕಾದರೆ ಸರ್ವೇದವರ 11-ಇ ನಕ್ಷೆಯೂ ಬೇಕು. ಒಂದು ಟೇಬಲ್ಲಿನಲ್ಲಿ ಕೇಳಿದರೆ “ಯಜಮಾನ್ರ, ಇದು ನಮ್ಮ ಕಡೆ ಬರೂದಿಲ್ರಿ, ಸರ್ವೇದವರ ಹತ್ರ ಹೋಗ್ರಿ” ಎನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಇದರಲ್ಲಿ ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಹಕ್ಕು. ನಮ್ಮ ಗಡಿಭಾಗದಲ್ಲಿ ಅಕ್ಕ ಗಡಹಿಂಗ್ಲಜಕ್ಕೋ ಇಚಲಕರಂಜಿಗೋ ಮೀರಜಿಗೋ ಕೊಟ್ಟ ಮಗಳಾಗಿರುತ್ತಾಳೆ. ಆಕೆಯ ಹೆಸರನ್ನು ವಂಶವೃಕ್ಷದಲ್ಲಿ ಬಿಟ್ಟರೆ ಕೆಲಸ ಬೇಗ ಆಗುತ್ತದೆ ಎಂದು ಸಲಹೆ ಕೊಡುವವರು ಕಚೇರಿಯ ಹೊರಗೆ ಸಿಗುತ್ತಾರೆ. ಅಂಥ ಸಲಹೆಯನ್ನು ಕೇಳಬೇಡಿ ಎಂದು ಈ ವೇದಿಕೆಯಿಂದ ಕೈಮುಗಿದು ಹೇಳುತ್ತೇನೆ. ಅದು ಅನ್ಯಾಯ, ಮೇಲಾಗಿ ಮುಂದಿನ ಇಪ್ಪತ್ತು ವರ್ಷದ ದಾವೆಗೆ ಬೀಜ. ಆಕೆ ಹಕ್ಕು ಬಿಡುವುದಾದರೆ ತಾನೇ ಬಂದು, ತಿಳಿದು, ಬಿಡಲಿ. ಬಿಡದಿದ್ದರೆ ಅದು ಆಕೆಯದು.

ಗಣಕೀಕರಣ ಈ ದಾರಿಯನ್ನು ಬಹಳಷ್ಟು ಹಸನು ಮಾಡಿದೆ, ಅದನ್ನು ಮರೆಯಬಾರದು. ತಲಾಠಿಯ ಗಂಟಿನಲ್ಲಿದ್ದ ಪಹಣಿ 2000ದ ಹೊತ್ತಿಗೆ ಭೂಮಿ ಯೋಜನೆಯಿಂದ ಕಂಪ್ಯೂಟರಿಗೆ ಬಂತು; ಉತಾರಕ್ಕಾಗಿ ತಲಾಠಿಯ ಮನೆ ಕಾಯುವ ಕಾಲ ಮುಗಿಯಿತು. 2011ರಲ್ಲಿ ಸಕಾಲ ಕಾಯ್ದೆ ಬಂತು, 2012ರ ಏಪ್ರಿಲ್‌ನಿಂದ ರಾಜ್ಯದಲ್ಲೆಲ್ಲ ಜಾರಿಯಾಯಿತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಒಂದು ನಂಬರು, ಕೆಲಸಕ್ಕೆ ಇಂತಿಷ್ಟು ದಿನ ಎಂಬ ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಆ ಪರಿಹಾರವನ್ನು ಕೇಳಿ ಪಡೆದವರನ್ನು ನಾನು ಕಂಡದ್ದು ಬಲು ವಿರಳ. ಕೇಳಿದರೆ ಮುಂದಿನ ಕೆಲಸ ಕೆಡುತ್ತದೆ ಎಂಬ ಅಂಜಿಕೆ. ಇನ್ನೊಂದು ಸಂಗತಿಯೂ ಇದೆ: ಅರ್ಜಿಯನ್ನು ಏನಾದರೊಂದು ಕೊರತೆ ತೋರಿಸಿ ತಿರಸ್ಕರಿಸಿದರೆ ಗಡುವಿನ ಲೆಕ್ಕದಲ್ಲಿ ಅದು ಮುಗಿದ ಕೆಲಸ. ಅರ್ಜಿದಾರನಿಗೆ ಮಾತ್ರ ಕೆಲಸ ಮೊದಲಿನಿಂದ ಶುರುವಾಗುತ್ತದೆ.

ಇದೇ ಕಚೇರಿಯ ಇನ್ನೊಂದು ಮುಖ ನೆರೆಯಲ್ಲಿ ಕಂಡಿತು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳೆರಡೂ ಒಟ್ಟಿಗೆ ಏರಿ ಬಂದವು. ಗೋಕಾಕದ ಪೇಟೆಯೊಳಗೆ ನೀರು, ಲೋಳಸೂರ ಸೇತುವೆಯ ಮೇಲೆ ನೀರು. ಆ ವಾರ ತಲಾಠಿ, ಪಿಡಿಒ, ನಗರಸಭೆಯ ಪೌರಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು ಮನೆಗೆ ಹೋಗದೆ ದುಡಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇದೇ ನೌಕರರು, ಇದೇ ಕಚೇರಿ. ಜನರ ಮುಂದೆ ನಿಂತು ಕೆಲಸ ಮಾಡುವ ಸಂದರ್ಭ ಬಂದಾಗ ಮಾಡಿ ತೋರಿಸಿದರು. ಕಷ್ಟ ಶುರುವಾದದ್ದು ನೀರು ಇಳಿದ ಮೇಲೆ. ಪೂರ್ತಿ ಬಿದ್ದ ಮನೆ ಎ ವರ್ಗ, ಅದಕ್ಕೆ 5 ಲಕ್ಷ. ಅಲ್ಪಸ್ವಲ್ಪ ಹಾನಿಯಾದದ್ದು ಸಿ ವರ್ಗ, ಅದಕ್ಕೆ 50 ಸಾವಿರ. ಬರೆದ ಅಕ್ಷರ ಬದಲಾದರೆ ನಾಲ್ಕೂವರೆ ಲಕ್ಷದ ವ್ಯತ್ಯಾಸ. ಮಣ್ಣಿನ ಗೋಡೆ ನೆನೆದು ನಿಂತಿದೆ, ಇವತ್ತು ಬಿದ್ದಿಲ್ಲ, ಮುಂದಿನ ತಿಂಗಳು ಬೀಳುತ್ತದೆ. ಅದು ಯಾವ ವರ್ಗ? ತೀರ್ಮಾನ ಮಾಡಿದವರು ಒಬ್ಬ ಇಂಜಿನಿಯರು, ಒಬ್ಬ ತಲಾಠಿ, ಒಂದು ಮಧ್ಯಾಹ್ನ. ಪಟ್ಟಿ ತಪ್ಪಾಗಿದೆ ಎಂದವರು ಹೋಗಬೇಕಾದದ್ದು ಅದನ್ನು ಬರೆದ ಕಚೇರಿಗೇ. ಊರ ಮುಂದೆ ಪಟ್ಟಿ ಓದಿ, ಊರ ಮುಂದೆ ತಕರಾರು ಕೇಳಿ, ಊರ ಮುಂದೆ ಉತ್ತರ ಹೇಳುವ ಸಭೆಯೊಂದು ಕಡ್ಡಾಯವಾಗಿ ನಡೆದಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತಿತ್ತು.

ಈಗ ಹುಕ್ಕೇರಿಗೆ ಬರುತ್ತೇನೆ. ಈ ಉಪನ್ಯಾಸಕ್ಕೆ ನಾನು ಒಪ್ಪಿದ್ದು ಮುಖ್ಯವಾಗಿ ಅಲ್ಲಿಯ ವಿದ್ಯುತ್ ಸಂಘದ ಕಥೆ ಹೇಳುವುದಕ್ಕೆ.

ಗೋಕಾಕ ಜಲಪಾತದ ನೀರು 1887ರಲ್ಲಿಯೇ ಅಲ್ಲಿನ ನೂಲಿನ ಗಿರಣಿಯನ್ನು ಓಡಿಸತೊಡಗಿತ್ತು. ಆದರೆ ಆ ಬಲ ಗಿರಣಿಯದಾಯಿತು, ಸುತ್ತಲ ಹಳ್ಳಿಗಳ ಮನೆಗಳಲ್ಲಿ ಎಷ್ಟೋ ದಶಕ ಚಿಮಣಿಯೇ ಉಳಿಯಿತು. 1969ರಲ್ಲಿ ಕೇಂದ್ರದಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ಹಳ್ಳಿಯ ಜನರೇ ಸದಸ್ಯರಾಗಿ, ತಾವೇ ತಂತಿ ಎಳೆಸಿ, ತಾವೇ ಬಿಲ್ಲು ವಸೂಲು ಮಾಡಿ ಕರೆಂಟು ಹಂಚಬಹುದೇ ಎಂದು ನೋಡಲು ದೇಶದಲ್ಲಿ ಐದು ಕಡೆ ಪ್ರಯೋಗ ನಡೆಯಿತು: ಆಗಿನ ಆಂಧ್ರದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೋಡಿನಾರ, ಉತ್ತರಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. ಇಲ್ಲಿ ಅದರ ಹಿಂದೆ ನಿಂತವರು ಸಹಕಾರಿ ಧುರೀಣ ಅಪ್ಪಣ್ಣಗೌಡ ಪಾಟೀಲರು. ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ಇತಿಹಾಸದಲ್ಲಿಯೂ ಅವರ ಹೆಸರಿದೆ. ಅಮೆರಿಕದಲ್ಲಿ 1935ರ ನಂತರ, ಖಾಸಗಿ ಕಂಪನಿಗಳು ಒಕ್ಕಲಿಗರ ಮನೆಗೆ ತಂತಿ ಎಳೆಯಲು ಒಪ್ಪದಿದ್ದಾಗ, ರೂಸ್‌ವೆಲ್ಟ್ ಆಡಳಿತ ಸಾಲ ಕೊಟ್ಟು ರೈತರ ಸಂಘಗಳಿಂದಲೇ ಹಳ್ಳಿಗಳನ್ನು ಬೆಳಗಿಸಿತ್ತು. ಆ ಸಂಘಗಳ ಅನುಭವವನ್ನು ಹೊತ್ತ ತಜ್ಞರು ನಮ್ಮ ಈ ಪ್ರಯೋಗಕ್ಕೂ ನೆರವಾದರು.

ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಅರ್ಧ ಶತಮಾನ ದಾಟಿ ಇಂದಿಗೂ ನಡೆದಿದೆ. ಕರ್ನಾಟಕದಲ್ಲಿ ಅಂಥದ್ದು ಅದೊಂದೇ. ಉಳಿದ ಕಡೆಯ ಕೆಲವು ಸಂಘಗಳು ಮುಚ್ಚಿದವು. ಮುಳಾ-ಪ್ರವರಾದ ಪರವಾನಿಗೆ 2011ರಲ್ಲಿ ಕೈತಪ್ಪಿ ಅದರ ಗ್ರಾಹಕರು ಸರ್ಕಾರಿ ಕಂಪನಿಗೆ ಹೋದರು. ಹುಕ್ಕೇರಿಯಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ದೂರು ಹೋಗುವುದು ತಾಲೂಕಿನೊಳಗಿನ ಕಚೇರಿಗೆ, ಅದರ ಆಡಳಿತ ಮಂಡಳಿಯಲ್ಲಿ ಕುಳಿತವರು ಸದಸ್ಯರ ಮತ ಕೇಳಿ ಬಂದವರು. ಪಂಪ್‌ಸೆಟ್ಟಿಗೆ ಕರೆಂಟು ಬರದಿದ್ದರೆ ನಿರ್ದೇಶಕನಿಗೆ ಸಂತೆಯಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಗುತ್ತದೆ.

ಈ ಸಂಘವನ್ನು ನಾನು ಬರೀ ಹೊಗಳಿ ಮುಗಿಸಲಾರೆ. ದರ ನಿಗದಿ ಮಾಡುವುದು ವಿದ್ಯುತ್ ನಿಯಂತ್ರಣ ಆಯೋಗ, ಸಂಘವಲ್ಲ. ಸಂಘ ತಾನೇ ಕರೆಂಟು ಉತ್ಪಾದಿಸುವುದಿಲ್ಲ, ಕೊಂಡು ಹಂಚುತ್ತದೆ. ಪಂಪ್‌ಸೆಟ್ಟುಗಳ ಸಬ್ಸಿಡಿ ಹಣಕ್ಕೆ ಸರ್ಕಾರದ ಕಡೆ ನೋಡಬೇಕು. ಅದರ ಚುನಾವಣೆ ಬಂದರೆ ಜಿಲ್ಲೆಯ ದೊಡ್ಡ ಮನೆತನಗಳೆಲ್ಲ ಕಣಕ್ಕಿಳಿದು, ಕರೆಂಟಿನ ಮಾತು ಹಿಂದಾಗಿ ಬಣದ ಮಾತು ಮುಂದಾಗುವುದುಂಟು. ಆದರೂ ನನಗೆ ಅದು ದೊಡ್ಡ ವಿಷಯ. ಬಣಗಳು ಹೊಡೆದಾಡುತ್ತವೆ ಎಂದರೆ ಅಲ್ಲಿ ಗೆಲ್ಲಬೇಕಾದ ಮತವೊಂದಿದೆ ಎಂದೇ ಅರ್ಥ. ಒಂದು ಅಗತ್ಯದ ಸೇವೆಯ ಲೆಕ್ಕವನ್ನು ಹುಕ್ಕೇರಿಯ ರೈತರು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಬಲ್ಲರು. ಗೋಕಾಕದ, ಮೂಡಲಗಿಯ ರೈತರು ಹೆಸ್ಕಾಂನ ಲೆಕ್ಕವನ್ನು ಹಾಗೆ ಕೇಳಲಾರರು.

ಲೆಕ್ಕ ಕೇಳುವ ಈ ಹಕ್ಕಿನಿಂದ ನಾನು ತಾಲೂಕು ಪಂಚಾಯತಿಗೆ ಬರಬೇಕು. ತಹಶೀಲ್ದಾರರು ಸರ್ಕಾರ ನೇಮಿಸಿದವರು. ಅವರು ಉತ್ತರ ಹೇಳುವುದು ಮೇಲಿನವರಿಗೆ. ಅಮೆರಿಕದ ಬಹುಪಾಲು ಕೌಂಟಿಗಳಲ್ಲಿ ಪೊಲೀಸ್ ಮುಖ್ಯಸ್ಥನನ್ನೂ ಖಜಾಂಚಿಯನ್ನೂ ಜನರೇ ಆರಿಸುತ್ತಾರೆ. ಅಷ್ಟರಮಟ್ಟಿಗೆ ಹೋಗುವುದು ಇಲ್ಲಿ ಬೇಕೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಬೇರೆ ದಾರಿ ಇತ್ತು. ಮುಂಬಯಿ ಪ್ರಾಂತದ ಕಾಲದಲ್ಲಿಯೇ ಇಲ್ಲಿ ತಾಲೂಕು ಲೋಕಲ್ ಬೋರ್ಡುಗಳಿದ್ದವು. 1959ರ ಕಾಯ್ದೆಯಲ್ಲಿ ತಾಲೂಕು ಅಭಿವೃದ್ಧಿ ಮಂಡಳಿ ಬಂತು. ಅಬ್ದುಲ್ ನಜೀರ್‌ಸಾಬರ ಶ್ರಮದಿಂದ 1983ರ ಕಾಯ್ದೆಯಾಗಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಬಂದವು. 1993ರ ಕಾಯ್ದೆ ಗ್ರಾಮ, ತಾಲೂಕು, ಜಿಲ್ಲೆ ಎಂಬ ಮೂರು ಮೆಟ್ಟಿಲು ಹಾಕಿತು. ಐದು ವರ್ಷ ಮುಗಿಯುವುದರೊಳಗೆ ಮತ್ತೆ ಚುನಾವಣೆ ಆಗಲೇಬೇಕು ಎಂದು ಸಂವಿಧಾನವೇ ಹೇಳಿತು.

ತಾಲೂಕು ಮತ್ತು ಜಿಲ್ಲಾ ಪಂಚಾಯತಿಗೆ ನಾವು 2016ರಲ್ಲಿ ಮತ ಹಾಕಿದೆವು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಪುನರ್ವಿಂಗಡಣೆಯನ್ನು ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು, ಹಿಂದುಳಿದ ವರ್ಗಗಳ ಮೀಸಲಾತಿಯ ಲೆಕ್ಕ ಮತ್ತೆ ಶುರುವಾಯಿತು, ಹೈಕೋರ್ಟಿನಲ್ಲಿ ದಾವೆಗಳು ನಡೆದವು. ಸರ್ಕಾರಗಳು ಬದಲಾದವು, ವರ್ಷಗಳು ಉರುಳಿದವು, ಆಡಳಿತಾಧಿಕಾರಿಗಳೇ ಪಂಚಾಯತಿಯನ್ನು ನಡೆಸಿದರು. ಯಾವ ಪಕ್ಷವೂ ಇದರಲ್ಲಿ ತಾನು ಕಾರಣವಲ್ಲ ಎನ್ನಲಾರದು. ಮೂಡಲಗಿಯ ಮಟ್ಟಿಗೆ ಇನ್ನೊಂದು ಮಾತಿದೆ. 2016ರಲ್ಲಿ ಅದು ಗೋಕಾಕ ತಾಲೂಕಿನ ಭಾಗ. 2018ರಲ್ಲಿ ತಾಲೂಕಾದ ಮೇಲೆ ಮೂಡಲಗಿ ತಾಲೂಕು ಪಂಚಾಯತಿಗೆಂದು ಜನ ಮತ ಹಾಕಿದ ಚುನಾವಣೆಯೇ ನಡೆದಿಲ್ಲ. ಬೀದಿಗಿಳಿದು ಪಡೆದ ತಾಲೂಕಿಗೆ ಕಟ್ಟಡ ಬಂತು, ಸಿಬ್ಬಂದಿ ಬಂದರು, ಮೊಹರು ಬಂತು. ಜನ ತಾವೇ ಆರಿಸಿದ ಸದಸ್ಯರು ಕೂತು ಅಧಿಕಾರಿಯನ್ನು ಪ್ರಶ್ನೆ ಕೇಳುವ ಸಭಾಂಗಣ ಖಾಲಿ ಉಳಿಯಿತು.

ತಾಲೂಕು ಪಂಚಾಯತಿಯೇ ಬೇಡ, ಅದಕ್ಕೆ ಹಣವೂ ಇಲ್ಲ ಕೆಲಸವೂ ಇಲ್ಲ ಎಂಬ ಮಾತು ವಿಧಾನಸಭೆಯಲ್ಲಿ ಎದ್ದದ್ದುಂಟು. ಹಣ ಕಡಿಮೆ ಎಂಬುದು ನಿಜ. ಬರುವ ಅನುದಾನದ ಬಹುಪಾಲು ಸಂಬಳಕ್ಕೆ ಹೋಗುತ್ತದೆ. ಆದರೆ ತಾಲೂಕು ಪಂಚಾಯತಿ ಸಭೆಯಲ್ಲಿ ಬಿಇಒ, ತಾಲೂಕು ಆರೋಗ್ಯಾಧಿಕಾರಿ, ಕೃಷಿ ಇಲಾಖೆಯವರು, ಹಾಸ್ಟೆಲಿನ ಅಧಿಕಾರಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂಡಬೇಕಿತ್ತು. ಕೌಜಲಗಿಯ ಶಾಲೆಗೆ ಶಿಕ್ಷಕರು ಯಾಕಿಲ್ಲ ಎಂದು ಅಲ್ಲಿನ ಸದಸ್ಯೆ ಕೇಳಿದರೆ ಉತ್ತರ ನಡಾವಳಿಯಲ್ಲಿ ಬರೆಯಬೇಕಿತ್ತು. ಆ ಸದಸ್ಯರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಈಗ ಆ ಪ್ರಶ್ನೆಗಳೆಲ್ಲ ಒಬ್ಬ ಶಾಸಕರ ಬಳಿ ಹೋಗುತ್ತವೆ. ಶಾಸಕರು ಎಷ್ಟೇ ಒಳ್ಳೆಯವರಿರಲಿ, ಅವರ ಮನೆಯ ಮುಂದೆ ಬೆಳಿಗ್ಗೆ ಅರ್ಜಿ ಹಿಡಿದು ನಿಂತವನಿಗೆ ಸಿಗುವುದು ಉಪಕಾರ. ಅದೇ ಪ್ರಶ್ನೆ ನಡಾವಳಿಯಲ್ಲಿ ಬಂದರೆ ಅದು ಹಕ್ಕಿನ ಉತ್ತರ. ಈ ಭಾಗದಲ್ಲಿ ನಾವು ಉಪಕಾರಕ್ಕೆ ಬಹಳ ಒಗ್ಗಿಹೋಗಿದ್ದೇವೆ, ಅದು ನನ್ನನ್ನು ನೋಯಿಸುತ್ತದೆ.

ಕೇಳುವ ಸಭೆ ಇಲ್ಲದಾಗ ಏನಾಗುತ್ತದೆ ನೋಡಿ. 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ರೈತರು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಹಗಲುರಾತ್ರಿ ಕುಳಿತರು, ಮುಖ್ಯಮಂತ್ರಿಯೇ ದರದ ಮಾತಾಡಬೇಕಾಯಿತು. ಕಬ್ಬಿನ ದರ ತಾಲೂಕಿನಲ್ಲಿ ತೀರ್ಮಾನವಾಗುವ ವಿಷಯವಲ್ಲ, ನಿಜ. ಆದರೆ ತೂಕ, ಕಟಾವಿನ ಸರದಿ, ಬಾಕಿ ಬಿಲ್ಲು ಇವುಗಳ ಸಂಕಟ ವರ್ಷವಿಡೀ ಕೇಳುವ ಕಿವಿ ತಾಲೂಕಿನಲ್ಲಿ ಇದ್ದಿದ್ದರೆ ಸಿಟ್ಟು ಒಮ್ಮೆಲೇ ರಸ್ತೆಗೆ ಬರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಚುನಾವಣೆ ಬರುವತನಕ ಏನು ಮಾಡುವುದು ಎಂದು ಕೇಳುವಿರಿ. ಕಾನೂನಿನಲ್ಲಿ ಎರಡು ಸಭೆಗಳಿವೆ, ಅಲ್ಲಿ ಕುಳಿತು ಕೇಳಲು ಯಾರ ಅಪ್ಪಣೆಯೂ ಬೇಡ. ಒಂದು ಗ್ರಾಮಸಭೆ, ಆರು ತಿಂಗಳಿಗೊಮ್ಮೆ ಆಗಲೇಬೇಕು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಬಂದರೆ ಕೋರಂ. ಮನೆಗಳ ಹಂಚಿಕೆಯ ಪಟ್ಟಿಯನ್ನು ಅಲ್ಲಿ ಓದಿ ಹೇಳಬೇಕು. ಇನ್ನೊಂದು ಜಮಾಬಂದಿ, ವರ್ಷಕ್ಕೊಮ್ಮೆ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಅಲ್ಲಿ ಪಂಚಾಯತಿಯ ಜಮಾ-ಖರ್ಚು, ಕಾಮಗಾರಿಯ ಅಳತೆ ಪುಸ್ತಕ, ಉದ್ಯೋಗ ಖಾತ್ರಿಯ ಹಾಜರಿ ಎಲ್ಲವನ್ನೂ ಊರವರ ಮುಂದೆ ಇಡಬೇಕು. ಈ ಸಭೆಗಳನ್ನು ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಮುಗಿಸುವ ರೂಢಿ ಎಷ್ಟೋ ಕಡೆ ಬೆಳೆದಿದೆ. ನಾಲ್ಕು ಜನ ಕಾಲೇಜು ಹುಡುಗ-ಹುಡುಗಿಯರು, ಇಬ್ಬರು ನಿವೃತ್ತ ಶಿಕ್ಷಕರು ನೋಟ್‌ಬುಕ್ಕು ಹಿಡಿದು ಮುಂದಿನ ಸಾಲಿನಲ್ಲಿ ಕುಳಿತರೆ ಹಾಗೆ ಮುಗಿಸುವುದು ಆಗುವುದಿಲ್ಲ. ಚರಂಡಿಯ ಉದ್ದ ಎಷ್ಟು ಬರೆದಿದ್ದಾರೆ ಎಂದು ಕೇಳಿ, ಟೇಪು ಹಿಡಿದು ಅಳೆಯಿರಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ನಕಲು ಕೇಳಿ. ವಾರಸಾ ಅರ್ಜಿ ಬಾಕಿ ಇರುವವರ ಪಟ್ಟಿಯನ್ನು ಊರವರೇ ಮಾಡಿ, ಸಕಾಲ ನಂಬರಿನೊಂದಿಗೆ ತಹಶೀಲ್ದಾರರಿಗೆ ಒಟ್ಟಿಗೆ ಕೊಡಿ, ಒಬ್ಬೊಬ್ಬರೇ ಹೋಗಬೇಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರು ತಾಲೂಕುಗಳಿಂದಲೂ ಒಂದೊಂದು ಪಂಚಾಯತಿಯವರು ಈ ವರ್ಷದ ಜಮಾಬಂದಿಯನ್ನು ಹೀಗೆ ನಡೆಸಲು ಮುಂದೆ ಬಂದರೆ, ಅದರ ನಡಾವಳಿಗಳನ್ನು ಓದಿ ಚರ್ಚಿಸಲು ಮತ್ತೊಮ್ಮೆ ಇಲ್ಲಿ ಸೇರೋಣ. ಹೆಸರು ಕೊಡುವವರು ಸಭೆ ಮುಗಿದ ಕೂಡಲೇ ನನ್ನನ್ನು ಕಾಣಬೇಕಾಗಿ ವಿನಂತಿ.